ಐದು ಕೊರಳು ಸಾಕು

ಪಾಶ್ಚಾತ್ಯ ಸಂಗೀತದ ಹೊಸ್ತಿಲಲ್ಲಿ ನಿಂತ ವಿದ್ಯಾರ್ಥಿಯೊಬ್ಬ ಬಾಖ್‌ನ ಬಿ ಮೈನರ್ ಮಾಸ್ ಕೇಳಬೇಕು, ಯಾವ ಧ್ವನಿಮುದ್ರಿಕೆಯಿಂದ ಶುರು ಮಾಡಲಿ ಎಂದು ವಿಚಾರಿಸಿದರೆ ತಿಳಿದವರು ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ. ಮೊದಲು ದೊಡ್ಡ ಕೋರಸ್ ಇರುವುದನ್ನು ಕೇಳು, ಆ ಭವ್ಯತೆಯಲ್ಲಿ ಮುಳುಗು. ಐದು ಜನ ಸೇರಿ ಹಾಡಿದ್ದೊಂದಿದೆ, ಅದನ್ನು ಬೇಕಾದರೆ ಕೊನೆಗೆ ಕೇಳು, ಅದು ಪಂಡಿತರ ಪ್ರಯೋಗ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಮೊದಲು ಕೇಳಬೇಕಾದದ್ದೇ ಆ ಐದು ಜನರದ್ದು. ಜೋಶುವಾ ರಿಫ್ಕಿನ್ ತನ್ನ ಬಾಖ್ ಎನ್‌ಸೆಂಬಲ್ ಜೊತೆ ಮಾಡಿದ, 1982ರಲ್ಲಿ ನಾನ್‌ಸಚ್ ಕಂಪನಿ ಹೊರತಂದ ಧ್ವನಿಮುದ್ರಿಕೆ. ಅದನ್ನು ಸಮರ್ಥಿಸುವವರು ಸಾಮಾನ್ಯವಾಗಿ ಕೊಡುವ ಕಾರಣ ಬೇರೆ, ನನ್ನ ಕಾರಣ ಬೇರೆ. ಆದ್ದರಿಂದ ಎರಡೂ ಪಕ್ಷದವರ ಜೊತೆ ನನಗೆ ಸ್ವಲ್ಪ ಜಗಳವಿದೆ.

ಹೆಸರಿನ ವಿಷಯ ಮೊದಲು ಮುಗಿಸೋಣ. ಈಗಿನ ಕನ್ನಡದಲ್ಲಿ ಮಾಸ್ ಎಂದರೆ ಗುಂಪು, ಶಿಳ್ಳೆ, ಥಿಯೇಟರಿನ ಮುಂದೆ ಕಟೌಟು. ಬಾಖ್‌ನ ಮಾಸ್ ಲ್ಯಾಟಿನ್ನಿನ ಮಿಸ್ಸಾ ಎಂಬ ಶಬ್ದದಿಂದ ಬಂದದ್ದು, ನಮ್ಮ ಕ್ಯಾಥೊಲಿಕರು ಬಲಿಪೂಜೆ ಎಂದು ಕರೆಯುವ ಆರಾಧನೆ. ಅದರ ಕೀರಿಯೆ, ಗ್ಲೋರಿಯ, ಕ್ರೇದೊ, ಸಾಂಕ್ತುಸ್, ಆನ್ಯುಸ್ ದೇಯಿ ಎಂಬ ಐದು ಪಠ್ಯಗಳಿಗೆ ಯುರೋಪಿನ ರಚನಕಾರರು ಶತಮಾನಗಳಿಂದ ಸಂಗೀತ ಕೂಡಿಸುತ್ತ ಬಂದಿದ್ದಾರೆ. ಬಾಖ್ ಲೂಥರನ್ ಪಂಥದವನು. 1733ರ ಜುಲೈ 27ರಂದು ಕೀರಿಯೆ ಮತ್ತು ಗ್ಲೋರಿಯಗಳನ್ನಷ್ಟೇ ಡ್ರೆಸ್ಡೆನ್ನಿನ ಕ್ಯಾಥೊಲಿಕ್ ದೊರೆಗೆ ಅರ್ಪಿಸಿ, ಆಸ್ಥಾನದಲ್ಲಿ ಒಂದು ಬಿರುದು ಬೇಡಿದ. ಉಳಿದ ಭಾಗಗಳನ್ನು ಸೇರಿಸಿ ಇಡೀ ಕೃತಿಯನ್ನು ಜೋಡಿಸಿದ್ದು ಸಾಯುವ ಮುಂಚಿನ ವರ್ಷಗಳಲ್ಲಿ, 1748–49ರ ಸುಮಾರಿಗೆ. ಹಳೆಯ ರಚನೆಗಳನ್ನು ಬಿಚ್ಚಿ, ಹೊಸ ಪಠ್ಯಕ್ಕೆ ಹೊಲಿದು, ನಡುನಡುವೆ ಹೊಸದನ್ನು ಬರೆದು ಮಾಡಿದ ಕೆಲಸ. 1750ರಲ್ಲಿ ತೀರಿಕೊಂಡ ಬಾಖ್ ಅದನ್ನು ಪೂರ್ತಿಯಾಗಿ ಒಮ್ಮೆಯೂ ಕೇಳಲಿಲ್ಲ.

ಹಾಗಾಗಿ ಆತ ಕೇಳಿದಂತೆಯೇ ನಾವು ಕೇಳಬೇಕು ಎಂಬ ಮಾತಿಗೆ ಈ ಕೃತಿಯ ಮಟ್ಟಿಗೆ ಅರ್ಥವೇ ಇಲ್ಲ. ಆದರೆ ಆತ ಯಾವ ಗಾಯಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದ ಎಂದು ಕೇಳಬಹುದು. ರಿಫ್ಕಿನ್ ಕೇಳಿದ್ದು ಅದನ್ನೇ. ಈತ ಮಠದ ಪಂಡಿತನಂಥವನಲ್ಲ. 1965ರಲ್ಲಿ ಬೀಟಲ್ಸ್ ಹಾಡುಗಳನ್ನು ಬರೋಕ್ ಶೈಲಿಯಲ್ಲಿ ಬರೆದು ರೆಕಾರ್ಡು ಮಾಡಿದವನು, 1970ರಲ್ಲಿ ಸ್ಕಾಟ್ ಜಾಪ್ಲಿನ್ನನ ರ‍್ಯಾಗ್‌ಟೈಮ್ ರಚನೆಗಳನ್ನು ಪಿಯಾನೊದಲ್ಲಿ ನುಡಿಸಿ ಮರೆತುಹೋಗಿದ್ದ ಕಪ್ಪು ಅಮೆರಿಕನ್ ಸಂಗೀತಗಾರನೊಬ್ಬನನ್ನು ಮತ್ತೆ ಕೇಳುವಂತೆ ಮಾಡಿದವನು. 1981ರಲ್ಲಿ ಬಾಸ್ಟನ್ನಿನಲ್ಲಿ ಸಂಗೀತಶಾಸ್ತ್ರಜ್ಞರ ಸಮ್ಮೇಳನದಲ್ಲಿ ಎದ್ದುನಿಂತು, ಬಾಖ್‌ನ ಕೋರಸ್ ಎಂದರೆ ಪ್ರತಿ ಧ್ವನಿಗೆ ಸಾಮಾನ್ಯವಾಗಿ ಒಬ್ಬನೇ ಗಾಯಕ ಎಂದ. ಮರುವರ್ಷವೇ ಈ ಧ್ವನಿಮುದ್ರಿಕೆ ಬಂತು.

ಅವನ ಆಧಾರಗಳು ಸರಳ. ಬಾಖ್‌ನ ಚರ್ಚ್ ಕೃತಿಗಳಿಗೆ ಉಳಿದಿರುವ ಹಾಡುಗಾರರ ಪ್ರತಿಗಳನ್ನು ನೋಡಿದರೆ ಬಹುಪಾಲು ಪ್ರತಿ ಧ್ವನಿಗೆ ಒಂದೇ ಪ್ರತಿ ಇದೆ. ಡ್ರೆಸ್ಡೆನ್ನಿಗೆ ಕಳಿಸಿದ 21 ಪ್ರತಿಗಳಲ್ಲೂ ಹಾಗೆಯೇ: ಎರಡು ಸೊಪ್ರಾನೊ, ಆಲ್ಟೊ, ಟೆನರ್, ಬಾಸ್, ತಲಾ ಒಂದು. ಒಂದು ಹಾಳೆಯನ್ನು ಮೂವರು ಹಂಚಿಕೊಂಡು ಓದಿರಬಹುದಲ್ಲ ಎಂದರೆ, ಆ ಹಾಳೆಗಳಲ್ಲಿ ಒಬ್ಬರೇ ಹಾಡುವ ಏರಿಯಾಗಳೂ ಎಲ್ಲರೂ ಕೂಡುವ ಕೋರಸ್‌ಗಳೂ ಒಂದರ ಹಿಂದೊಂದು ಬರುತ್ತವೆ. ಇಲ್ಲಿ ಉಳಿದವರು ನಿಲ್ಲಿಸಿ, ಇಲ್ಲಿ ಮತ್ತೆ ಸೇರಿ ಎಂಬ ಗುರುತಿಲ್ಲ. ಹೆಚ್ಚುವರಿ ಗಾಯಕರು ಬೇಕಾದಾಗ ಬಾಖ್ ಅವರಿಗೆ ಬೇರೆಯೇ ಪ್ರತಿ ಬರೆಸುತ್ತಿದ್ದ. ಸೇಂಟ್ ಜಾನ್ ಪ್ಯಾಶನ್‌ಗೆ ಅಂಥ ಪ್ರತಿಗಳಿವೆ.

ಎದುರು ಪಕ್ಷದವರು ಕೂಡಲೇ ತೆಗೆಯುವ ಅಸ್ತ್ರ 1730ರ ಆಗಸ್ಟ್ 23ರ ಮನವಿ. ಲೈಪ್‌ಜಿಗ್ ನಗರಸಭೆಗೆ ಬಾಖ್ ಬರೆದ ದೂರುಪತ್ರ ಅದು. ಶಾಲೆಯ ಹುಡುಗರಲ್ಲಿ 17 ಮಂದಿ ಮಾತ್ರ ಪ್ರಯೋಜನಕ್ಕೆ ಬರುತ್ತಾರೆ, 20 ಮಂದಿ ಇನ್ನೂ ತಯಾರಾಗಬೇಕು, 17 ಮಂದಿ ಸಂಗೀತಕ್ಕೇ ಲಾಯಕ್ಕಿಲ್ಲ ಎಂದು ಲೆಕ್ಕ ಒಪ್ಪಿಸುತ್ತಾನೆ. ಪ್ರತಿ ಮೇಳಕ್ಕೂ ಧ್ವನಿಗೆ ಮೂವರಂತೆ ಕನಿಷ್ಠ 12 ಹುಡುಗರು ಬೇಕು, ನಾಲ್ವರಂತೆ 16 ಆದರೆ ಇನ್ನೂ ಒಳ್ಳೆಯದು ಎನ್ನುತ್ತಾನೆ. ನೋಡಿ, ಬಾಖ್‌ನೇ ಹೇಳಿದ್ದಾನೆ! ಹೌದು, ಹೇಳಿದ್ದಾನೆ, ಜೊತೆಗೆ ಕಾರಣವನ್ನೂ ಹೇಳಿದ್ದಾನೆ. ಯಾರಾದರೂ ಕಾಯಿಲೆ ಬಿದ್ದರೂ ಎರಡು ಮೇಳಗಳ ಮೋಟೆಟ್ ಒಂದನ್ನಾದರೂ ಹಾಡಲು ಸಾಧ್ಯವಾಗಲಿ ಎಂದು. ಎರಡು ಮೇಳಗಳ ಮೋಟೆಟ್ ಎಂದರೆ ಎಂಟು ಧ್ವನಿ. 12 ಜನರಲ್ಲಿ ಒಬ್ಬಿಬ್ಬರು ಮಲಗಿದರೂ ಎಂಟು ಧ್ವನಿ ಹಾಡಬಹುದು ಎಂದರೆ ಧ್ವನಿಗೆ ಎಷ್ಟು ಜನ? ಎಂಟರ ಮಗ್ಗಿ ಬಂದರೆ ಸಾಕು. ಆ ಪತ್ರ ಕೇಳುತ್ತಿರುವುದು ಪಟ್ಟಿಯಲ್ಲಿ ಎಷ್ಟು ಹುಡುಗರಿರಬೇಕು ಎಂದು. ಕ್ರಿಕೆಟ್ ತಂಡಕ್ಕೆ 15 ಮಂದಿಯನ್ನು ಆರಿಸುತ್ತಾರೆ, ಮೈದಾನಕ್ಕೆ ಇಳಿಯುವವರು 11.

ಇಷ್ಟರ ಮೇಲೂ ವಿದ್ವಾಂಸರ ಜಗಳ ಮುಗಿದಿಲ್ಲ. ಆಂಡ್ರ್ಯೂ ಪ್ಯಾರಟ್ ರಿಫ್ಕಿನ್ ಪರ ನಿಂತು 2000ದಲ್ಲಿ ಇಡೀ ಪುಸ್ತಕವನ್ನೇ ಬರೆದ. ಟಾನ್ ಕೂಪ್‌ಮನ್‌ನಂಥ ದೊಡ್ಡ ಬಾಖ್ ಗಾಯನ ನಿರ್ದೇಶಕ ಇಂದಿಗೂ ಒಪ್ಪಿಲ್ಲ. ನಾಳೆ ಲೈಪ್‌ಜಿಗ್‌ನ ಯಾವುದೋ ಅಟ್ಟದ ಮೇಲೆ ಹೊಸ ಕಾಗದವೊಂದು ಸಿಕ್ಕಿ ರಿಫ್ಕಿನ್ ಸೋಲಬಹುದು. ಹಾಗಾದರೆ ಈ ಧ್ವನಿಮುದ್ರಿಕೆಯನ್ನು ಎಸೆಯಬೇಕೆ? ಅದರ ಪರವಾದಿಗಳ ಜೊತೆ ನನ್ನ ತಕರಾರು ಇಲ್ಲಿಯೇ. ಚರಿತ್ರೆಯ ಪ್ರಕಾರ ಇದೇ ಅಸಲಿ, ಆದ್ದರಿಂದ ಕೇಳಿ ಎನ್ನುವುದು ತುಪ್ಪದ ಡಬ್ಬದ ಮೇಲೆ ಅಂಟಿಸುವ ಚೀಟಿಯ ಮಾತು. ತುಪ್ಪದ ಯೋಗ್ಯತೆ ಗೊತ್ತಾಗುವುದು ಬಿಸಿ ಅನ್ನದ ಮೇಲೆ. ಐದು ಕೊರಳುಗಳು ಈ ಕೃತಿಯ ಪಠ್ಯಕ್ಕೆ ಏನು ಮಾಡುತ್ತವೆ ಎಂಬುದೇ ನನ್ನ ಪ್ರಶ್ನೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೇಳುವುದು ಸುಲಭವಾದ್ದರಿಂದ ವ್ಯಾಕರಣದಿಂದಲೇ ಹೋಗೋಣ. ಕ್ರೇದೊ ಎಂಬುದು ಒಂದೇ ಪದದ ಪೂರ್ಣ ವಾಕ್ಯ. ಇಂಗ್ಲಿಷಿಗೆ ಅದನ್ನು ಹೇಳಲು ಎರಡು ಪದ ಬೇಕು, ಕನ್ನಡಕ್ಕೆ ಬೇಡ: ನಂಬುತ್ತೇನೆ. ಲ್ಯಾಟಿನ್ನಿನಂತೆ ನಮ್ಮಲ್ಲೂ ಕ್ರಿಯಾಪದದ ಬಾಲದಲ್ಲೇ ಹೇಳುವವನು ಕೂತಿದ್ದಾನೆ. ಉತ್ತಮ ಪುರುಷ, ಏಕವಚನ. ನಾಲ್ಕನೆಯ ಶತಮಾನದ ಧರ್ಮಸಭೆಗಳು ಈ ವಿಶ್ವಾಸದ ಘೋಷಣೆಯನ್ನು ಗ್ರೀಕಿನಲ್ಲಿ ಬರೆದಾಗ ಅದು ಬಹುವಚನದಲ್ಲಿತ್ತು, ನಂಬುತ್ತೇವೆ ಎಂದು. ಮುಂದೆ ಆರಾಧನೆಯಲ್ಲಿ ಬಳಕೆಯಾಗುತ್ತ ಲ್ಯಾಟಿನ್ನಿನಲ್ಲಿ ಏಕವಚನ ನಿಂತಿತು. ಬಾಖ್‌ನ ಕೈಗೆ ಬಂದದ್ದು ಈ ಏಕವಚನ. ಅದಕ್ಕೆ ಆತ ಬರೆದದ್ದು ಐದು ಧ್ವನಿಗಳ ಫ್ಯೂಗ್. ಟೆನರ್ ಒಬ್ಬ ಹಳೆಯ ಗ್ರೆಗೋರಿಯನ್ ಪಠಣದ ರಾಗವನ್ನು ಎತ್ತಿಕೊಳ್ಳುತ್ತಾನೆ, ಇನ್ನೊಬ್ಬ ಅದನ್ನೇ ಬೇರೆ ಎತ್ತರದಲ್ಲಿ ಹಿಡಿಯುತ್ತಾನೆ, ಹೀಗೆ ಐವರೂ ಬಂದ ಮೇಲೆ ಎರಡು ಪಿಟೀಲುಗಳು ಆರನೆಯ, ಏಳನೆಯ ಧ್ವನಿಗಳಾಗಿ ಅದೇ ರಾಗವನ್ನು ತೆಗೆದುಕೊಳ್ಳುತ್ತವೆ. ಕೆಳಗೆ ಬಾಸ್ ವಾದ್ಯ ನಿಲ್ಲದೆ ಹೆಜ್ಜೆ ಹಾಕುತ್ತಿರುತ್ತದೆ.

ಇದನ್ನು ದೊಡ್ಡ ಕೋರಸ್ ಹಾಡಿದಾಗ ಏನಾಗುತ್ತದೆ? ನಂಬುತ್ತೇನೆ ಎಂಬ ಮಾತನ್ನು ಹದಿನೈದು ಜನ ಟೆನರ್‌ಗಳು ಒಟ್ಟಿಗೆ ಹೇಳುತ್ತಾರೆ. ಯಾರೂ ಹೇಳಿದಂತಾಗುವುದಿಲ್ಲ. ಒಬ್ಬನ ಉಸಿರು ಮುಗಿದರೆ ಪಕ್ಕದವನು ಮುಂದುವರಿಸುತ್ತಾನೆ; ಕೋರಸ್ ತರಬೇತಿಯಲ್ಲಿ ಅದನ್ನು ಕಲಿಸಿಯೇ ಕೊಡುತ್ತಾರೆ, ಉಸಿರು ತೆಗೆದುಕೊಳ್ಳುವುದು ಕೇಳಿಸಬಾರದು ಎಂದು. ಏಳು ಸಮಾನ ಧ್ವನಿಗಳ ಮಾತುಕತೆಯಲ್ಲಿ ಎರಡು ಪಿಟೀಲು ಭಾಗಗಳು ಹಿನ್ನೆಲೆಗೆ ಸರಿದು ಅಲಂಕಾರವಾಗಿಬಿಡುತ್ತವೆ. ರಿಫ್ಕಿನ್‌ನಲ್ಲಿ ಟೆನರ್ ಫ್ರಾಂಕ್ ಹಾಫ್‌ಮೈಸ್ಟರ್ ಒಬ್ಬನೇ. ಆತ ಉಸಿರು ತೆಗೆದುಕೊಂಡರೆ ರಾಗದಲ್ಲೊಂದು ಸಣ್ಣ ಬಿರುಕು ಬೀಳುತ್ತದೆ. ಮುಚ್ಚಿಹಾಕಲು ಪಕ್ಕದಲ್ಲಿ ಯಾರೂ ಇಲ್ಲ. ನಂಬುತ್ತೇನೆ ಎಂದವನು ಆ ಮಾತಿಗೆ ತಾನೇ ಜವಾಬ್ದಾರ. ಪಿಟೀಲು ಬಂದಾಗ ಅದೂ ಇನ್ನೊಬ್ಬ ಸಾಕ್ಷಿಯಂತೆ ಕೇಳಿಸುತ್ತದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಬಲಿಪೂಜೆ ಸಭೆಯ ಪ್ರಾರ್ಥನೆ, ಅದರ ಬಹುಪಾಲು ಪಠ್ಯ ಬಹುವಚನದಲ್ಲಿದೆ, ಹಾಗಿರುವಾಗ ಅದನ್ನು ಒಂಟಿ ವ್ಯಕ್ತಿಗಳ ಕೃತಿ ಮಾಡುವುದು ಇಪ್ಪತ್ತನೆಯ ಶತಮಾನದ ವ್ಯಕ್ತಿವಾದವನ್ನು ಹೇರಿದಂತೆ ಎಂದು. ಆಕ್ಷೇಪಕ್ಕೆ ಉತ್ತರ ಬಾಖ್‌ನ ಕೃತಿಯಲ್ಲೇ ಇದೆ. ಗ್ಲೋರಿಯದಲ್ಲಿ ನಾವು ನಿನ್ನನ್ನು ಸ್ತುತಿಸುತ್ತೇವೆ ಎಂಬರ್ಥದ ಬಹುವಚನವನ್ನು ಆತ ಕೊಟ್ಟಿದ್ದು ಒಬ್ಬಳೇ ಸೊಪ್ರಾನೊಗೆ, ಜೊತೆಗೆ ಒಂದು ಪಿಟೀಲು. ಕೊನೆಯಲ್ಲಿ ನಮ್ಮನ್ನು ಕರುಣಿಸು ಎಂಬ ಆನ್ಯುಸ್ ದೇಯಿಯನ್ನು ಕೊಟ್ಟಿದ್ದು ಒಬ್ಬನೇ ಆಲ್ಟೊಗೆ. ನಂಬುತ್ತೇನೆ ಎಂಬ ಏಕವಚನವನ್ನಾದರೋ ಐವರಿಗೆ ಹಂಚಿದ. ನಾವು ಎಂಬುದನ್ನು ಒಬ್ಬ ಹೇಳಬೇಕು, ನಾನು ಎಂಬುದನ್ನು ಎಲ್ಲರೂ ಒಬ್ಬೊಬ್ಬರಾಗಿ ಹೇಳಬೇಕು: ಈ ಅಡ್ಡಹೊಲಿಗೆ ಆತನದ್ದೇ. ಗುಂಪು ಎದುರಿಗಿದ್ದರೆ ಇದು ಕಾಣುವುದೇ ಇಲ್ಲ. ಐದು ಜನರದ್ದೂ ಸಭೆಯೇ. ವ್ಯತ್ಯಾಸವೆಂದರೆ ಅಲ್ಲಿ ತಲೆ ಎಣಿಸಬಹುದು.

ರೂಢಿಯ ಪ್ರದರ್ಶನದಲ್ಲಿ ಏಕಗಾಯಕರು ಮುಂದೆ ಕುರ್ಚಿಯಲ್ಲಿ ಕೂತಿರುತ್ತಾರೆ, ಕೋರಸ್ ಹಿಂದೆ ನಿಂತಿರುತ್ತದೆ. ಆಲ್ಟೊ ಎದ್ದುಬಂದು ಆನ್ಯುಸ್ ದೇಯಿ ಹಾಡಿ ಮತ್ತೆ ಕೂರುತ್ತಾಳೆ. ಆಮೇಲೆ ಶಾಂತಿಯನ್ನು ಬೇಡುವ ಕೊನೆಯ ಭಾಗವನ್ನು ಬೇರೆಯವರು ಹಾಡುತ್ತಾರೆ, ಅವಳು ಕೇಳಿಸಿಕೊಳ್ಳುತ್ತಾಳೆ. ರಿಫ್ಕಿನ್‌ನಲ್ಲಿ ಒಂಟಿಯಾಗಿ ಕರುಣೆ ಬೇಡಿದ ಅದೇ ಜೆಫ್ರಿ ಡೂಲಿಯ ದನಿ, ಮರುಕ್ಷಣ ಉಳಿದವರ ಜೊತೆ ಸೇರಿ ಶಾಂತಿಯನ್ನು ಬೇಡುತ್ತದೆ. ಆ ಕೊನೆಯ ಭಾಗದ ಸಂಗೀತ ಹೊಸದೇನಲ್ಲ, ಹಿಂದೆ ಗ್ಲೋರಿಯದಲ್ಲಿ ಕೃತಜ್ಞತೆ ಹೇಳಲು ಬಂದದ್ದೇ ಮತ್ತೆ ಬರುತ್ತದೆ. ಆಗ ಹಾಡಿದವರೇ ಈಗಲೂ ಹಾಡುತ್ತಿದ್ದಾರೆ, ನಡುವೆ ಶಿಲುಬೆಯೂ ಸಮಾಧಿಯೂ ಬಂದುಹೋಗಿವೆ ಎಂದು ಕೇಳುವವನಿಗೆ ಗೊತ್ತಾಗಬೇಕಾದರೆ ದನಿಗಳಿಗೆ ಗುರುತು ಇರಬೇಕು.

ಭಾರೀ ಕೋರಸ್ಸಿನ ರೂಢಿ ಎಲ್ಲಿಂದ ಬಂತು? 1784ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹ್ಯಾಂಡೆಲ್ ಸ್ಮರಣೆಗೆ ಐನೂರಕ್ಕೂ ಹೆಚ್ಚು ಸಂಗೀತಗಾರರು ಸೇರಿದರು. 1829ರ ಮಾರ್ಚ್ 11ರಂದು ಇಪ್ಪತ್ತರ ಹರೆಯದ ಮೆಂಡೆಲ್ಸನ್ ಬರ್ಲಿನ್ನಿನಲ್ಲಿ ಸೇಂಟ್ ಮ್ಯಾಥ್ಯೂ ಪ್ಯಾಶನ್‌ಗೆ ಮರುಜೀವ ಕೊಟ್ಟಾಗ ಕೋರಸ್ಸಿನಲ್ಲಿ ನೂರೈವತ್ತಕ್ಕೂ ಹೆಚ್ಚು ಜನರಿದ್ದರು. 1859ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನ ಹ್ಯಾಂಡೆಲ್ ಉತ್ಸವದಲ್ಲಿ ಹಾಡಿದವರು ಸಾವಿರಗಟ್ಟಲೆ. ಈ ಚರಿತ್ರೆಯನ್ನು ನಾನು ಹೀಗಳೆಯುವುದಿಲ್ಲ. ಗುಮಾಸ್ತರು, ಶಾಲೆಯ ಮೇಷ್ಟ್ರುಗಳು, ಗೃಹಿಣಿಯರು ಸಂಜೆ ಒಟ್ಟಿಗೆ ಸೇರಿ ಕಲಿತು ಹಾಡಿದ ಸಂಗೀತ ಅದು, ದೊರೆಯ ಆಸ್ಥಾನದಿಂದ ಊರಿನ ಸಭಾಂಗಣಕ್ಕೆ ಇಳಿದುಬಂದ ಸಂಗೀತ. ಇಂದಿಗೂ ಅಂಥ ಕೋರಸ್ಸಿನಲ್ಲಿ ನಿಂತು ಹಾಡುವವರ ಸುಖ ದೊಡ್ಡದು. ಆದರೆ ಹಾಡುವವರ ಸುಖಕ್ಕಾಗಿ ಹುಟ್ಟಿದ ರೂಢಿ ಕೇಳುವವರ ತತ್ತ್ವವಾಗಿಬಿಟ್ಟಿತು. ದೊಡ್ಡದಾಗಿದ್ದರೆ ಪವಿತ್ರ, ಚಿಕ್ಕದಾದರೆ ಒಣ ಪಾಂಡಿತ್ಯ ಎಂದು.

ಈ ತತ್ತ್ವ ನೆಲೆಯಾದದ್ದು ಧ್ವನಿಮುದ್ರಿಕೆಗಳಲ್ಲಿ. ಅದರಲ್ಲಿ ದೂರದಿಂದ ನಮ್ಮ ಮೈಸೂರಿನ ಪಾಲೂ ಇದೆ. ಪಾಶ್ಚಾತ್ಯ ಸಂಗೀತದ ಬಗ್ಗೆ ಆಳವಾದ ಪ್ರೀತಿಯಿದ್ದ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯನ್ ರಚನಕಾರ ಮೆಟ್ನರ್‌ನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರೂ ಅವರೇ. ಅದೇ ಫಿಲ್ಹಾರ್ಮೋನಿಯಾ ವಾದ್ಯಮೇಳ ಐವತ್ತರ ದಶಕದ ಮೊದಲಲ್ಲಿ ಕಾರಯಾನ್ ನಿರ್ದೇಶನದ ಬಿ ಮೈನರ್ ಮಾಸ್ ಧ್ವನಿಮುದ್ರಿಕೆಯಲ್ಲಿ ನುಡಿಸಿದೆ. ಬಹಳ ಹೆಸರಾದ, ಬಹಳ ಸುಂದರವಾದ ಮುದ್ರಿಕೆ. ಅದು ತಯಾರಾದ ಬಗೆ ಮಾತ್ರ ನಮ್ಮ ವಾದಕ್ಕೆ ಉಪಯುಕ್ತ: ಕೋರಸ್ ಭಾಗಗಳು ವಿಯೆನ್ನಾದಲ್ಲಿ ಅಲ್ಲಿನ ವಾದ್ಯಮೇಳದ ಜೊತೆ, ಏಕಗಾಯಕರ ಭಾಗಗಳು ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯಾ ಜೊತೆ. ಒಂದೇ ಪ್ರಾರ್ಥನೆಯಲ್ಲಿ ಒಂಟಿಯಾಗಿ ಬೇಡಿದವರೂ ಒಟ್ಟಾಗಿ ಬೇಡಿದವರೂ ಬೇರೆ ಬೇರೆ ದೇಶದಲ್ಲಿದ್ದರು.

ರಿಫ್ಕಿನ್ ವಿರುದ್ಧ ತಪ್ಪದೆ ಹೇಳುವ ಇನ್ನೊಂದು ಮಾತಿದೆಯಲ್ಲ, ಐದು ಜನರ ದನಿ ಕೇಳಿಸುವುದು ಮೈಕಿನ ಕೃಪೆಯಿಂದ, ಅದೊಂದು ಸ್ಟುಡಿಯೊ ಚಮತ್ಕಾರ ಎಂದು, ಅದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎರಡು ನಗರಗಳ ಟೇಪುಗಳನ್ನು ಕತ್ತರಿಸಿ ಅಂಟಿಸಿದ್ದು ಸಹಜ, ಐದು ಜನ ಒಂದೇ ಕೋಣೆಯಲ್ಲಿ ಪರಸ್ಪರರ ದನಿ ಕೇಳುತ್ತ ಹಾಡಿದ್ದು ಕೃತಕ! ಮೂರು ತುತ್ತೂರಿ, ನಗಾರಿಗಳ ಎದುರು ಐವರ ದನಿ ನಿಲ್ಲುವುದಿಲ್ಲ ಎಂಬ ಮಾತೂ ಇಂದಿನ ಕವಾಟವಿರುವ ಲೋಹದ ತುತ್ತೂರಿಯನ್ನು ಮನಸ್ಸಿನಲ್ಲಿಟ್ಟು ಹೇಳಿದ್ದು. ಕವಾಟವಿಲ್ಲದ ಹಳೆಯ ಉದ್ದ ತುತ್ತೂರಿ ಅಷ್ಟು ಅಬ್ಬರಿಸುವುದಿಲ್ಲ, ಹಾಡುವವರ ಜೊತೆ ಹೊಂದಿಕೊಳ್ಳುತ್ತದೆ.

ನನ್ನ ಪಕ್ಷ ದುರ್ಬಲವಾಗಿರುವ ಜಾಗವನ್ನೂ ಹೇಳಬೇಕು. ಸಾಂಕ್ತುಸ್ ಆರು ಧ್ವನಿಗಳದ್ದು, ಅದರ ಹಿಂದೆ ಬರುವ ಓಸಾನ್ನ ಎಂಟು ಧ್ವನಿಗಳದ್ದು; ಅಲ್ಲಿ ರಿಫ್ಕಿನ್ ಕೂಡ ಇನ್ನಷ್ಟು ಗಾಯಕರನ್ನು ಕರೆತರಲೇಬೇಕು. ಹಾಗಿದ್ದೂ ಸಾಂಕ್ತುಸ್‌ನಲ್ಲಿ ದೇವಗಣ ಅಲೆಅಲೆಯಾಗಿ ಏಳುವ ಅನುಭವ ನನಗೆ 1961ರ ಕಾರ್ಲ್ ರಿಕ್ಟರ್‌ನ ಮ್ಯೂನಿಕ್ ಕೋರಸ್ ಕೊಟ್ಟಷ್ಟು ಈ ಧ್ವನಿಮುದ್ರಿಕೆ ಕೊಡುವುದಿಲ್ಲ. ರಿಫ್ಕಿನ್‌ನ ಓಟ ಕೆಲವೆಡೆ ತೀರ ತಣ್ಣಗಿದೆ ಎಂಬ ದೂರನ್ನೂ ಒಪ್ಪುತ್ತೇನೆ. ಸ್ವರ್ಗದ ಚಿತ್ರ ಬೇಕಾದವರು ರಿಕ್ಟರ್ ಬಳಿ ಹೋಗಲಿ. ಆದರೆ ಈ ಕೃತಿಯ ಬಹುಭಾಗ ನಡೆಯುವುದು ಸ್ವರ್ಗದಲ್ಲಲ್ಲ, ಹೆದರಿದ ಮನುಷ್ಯರ ನಡುವೆ.

ಕೊನ್ಫಿತೆಯೊರ್ ಎಂಬ ಭಾಗ ಕೇಳಿ. ಒಪ್ಪಿಕೊಳ್ಳುತ್ತೇನೆ ಎಂದು ಶುರುವಾಗುವ, ಮತ್ತೆ ಏಕವಚನದ ಪಠ್ಯ. ಪಿಟೀಲು, ಕೊಳಲು, ತುತ್ತೂರಿ ಎಲ್ಲವನ್ನೂ ಬಾಖ್ ತೆಗೆದುಬಿಡುತ್ತಾನೆ. ಐದು ಧ್ವನಿ, ಕೆಳಗೆ ಬಾಸ್ ವಾದ್ಯದ ಆಧಾರ, ಅಷ್ಟೇ. ಹಳೆಯ ಕಟ್ಟುನಿಟ್ಟಿನ ಶೈಲಿಯಲ್ಲಿ ಸಾಗುತ್ತಿದ್ದದ್ದು ಸತ್ತವರ ಪುನರುತ್ಥಾನದ ಮಾತು ಬರುತ್ತಿದ್ದಂತೆ ನಿಧಾನವಾಗುತ್ತದೆ. ಶ್ರುತಿಯ ನೆಲವೇ ಕಾಲಕೆಳಗಿನಿಂದ ಜಾರುತ್ತದೆ. ಒಂದೊಂದು ಸ್ವರವೂ ಇನ್ನೊಂದಾಗಿ ಬದಲಾಗುತ್ತ, ಎಲ್ಲಿದ್ದೇವೆಂದು ತಿಳಿಯದಂತಾಗುತ್ತದೆ. ಸತ್ತವರು ಏಳುತ್ತಾರೆಂದು ಹೇಳುತ್ತಿರುವವನಿಗೆ ಅದು ನಿಜವೇ ಎಂಬ ಅನುಮಾನ ಬಂದಂತೆ. ಆಮೇಲೆ ಒಮ್ಮೆಲೇ ತುತ್ತೂರಿಗಳು ಸಿಡಿದು ಸಂಭ್ರಮ ಶುರು. ಆ ಕತ್ತಲೆಯ ಕೆಲವು ಕ್ಷಣಗಳನ್ನು ದೊಡ್ಡ ಕೋರಸ್ ಹಾಡಿದಾಗ ಗವಿಯೊಳಗಿನ ಗಂಭೀರ ಗುಂಜನ ಕೇಳುತ್ತದೆ, ಸೊಗಸಾಗಿಯೇ ಕೇಳುತ್ತದೆ. ಐವರು ಹಾಡಿದಾಗ ಜೂಡಿತ್ ನೆಲ್ಸನ್, ಜೂಲಿಯಾನ್ ಬೇರ್ಡ್, ಡೂಲಿ, ಹಾಫ್‌ಮೈಸ್ಟರ್, ಯಾನ್ ಓಪಲಾಕ್ ಎಂಬ ಐದು ಜನ ಕತ್ತಲಲ್ಲಿ ಗೋಡೆ ತಡವಿಕೊಂಡು ಹೋಗುತ್ತಿರುವುದು ಕೇಳಿಸುತ್ತದೆ. ಗುಂಪಿಗೆ ಅನುಮಾನ ಬರುವುದಿಲ್ಲ. ಅನುಮಾನ ಬರುವುದು ಒಬ್ಬನಿಗೆ.

ನಾನು ಕ್ರೈಸ್ತನಲ್ಲ, ಈ ಪಠ್ಯ ಹೇಳುವ ಯಾವುದನ್ನೂ ನಂಬಿದವನಲ್ಲ. ಹಾಗಿದ್ದ ಮೇಲೆ ಯಾರು ಹೇಗೆ ಹಾಡಿದರೆ ನನಗೇನು? ನನಗೇ ಹೆಚ್ಚು. ನಂಬುವವರ ದೊಡ್ಡ ಗುಂಪು ಒಂದೇ ದನಿಯಲ್ಲಿ ಹಾಡಿದಾಗ ಹೊರಗಿನವನಿಗೆ ಎರಡೇ ದಾರಿ: ಬೆರಗಾಗಿ ನೋಡುತ್ತ ನಿಲ್ಲುವುದು, ಇಲ್ಲವೆ ಬಾಗಿಲಿನಿಂದ ಆಚೆ ಹೋಗುವುದು. ಒಬ್ಬ ಮನುಷ್ಯ ತನ್ನ ಉಸಿರಿನಲ್ಲಿ, ತನ್ನ ಹೆಸರಿನಲ್ಲಿ ನಂಬುತ್ತೇನೆ ಎಂದರೆ ಮೂರನೆಯ ದಾರಿಯೊಂದು ತೆರೆಯುತ್ತದೆ. ಅವನ ಮಾತಿಗೆ ನಾನೂ ನನ್ನ ಏಕವಚನದಲ್ಲಿ ಉತ್ತರ ಕೊಡಬಹುದು, ಇಲ್ಲಪ್ಪ, ನನಗೆ ಸಾಧ್ಯವಿಲ್ಲ ಎಂದಾದರೂ. ಭವ್ಯತೆಯ ಹೆಸರಿನಲ್ಲಿ ಈ ಅವಕಾಶವನ್ನು ಕಿತ್ತುಕೊಂಡು, ಅದನ್ನೇ ಭಕ್ತಿ ಎಂದು ವಿದ್ಯಾರ್ಥಿಗಳಿಗೆ ಕೊಡುತ್ತಿರುವುದರ ಮೇಲೆ ನನ್ನ ಸಿಟ್ಟು.

ಆದ್ದರಿಂದ ಕೇಳುವ ಕ್ರಮ ಬದಲಾಗಲಿ. ಎರಡು ಗಂಟೆ ಸಮೀಪದ ಕೃತಿಯನ್ನು ಮೊದಲ ದಿನವೇ ಪೂರ್ತಿ ಕೇಳಬೇಕಿಲ್ಲ. ಕ್ರೇದೊ ಎಂಬ ಮೊದಲ ಭಾಗ ಎರಡೇ ನಿಮಿಷದ್ದು. ಓದುತ್ತಲೋ ಅಡುಗೆ ಮಾಡುತ್ತಲೋ ಕೇಳಬೇಡಿ. ಟೆನರ್ ಎಲ್ಲಿ ಎತ್ತಿಕೊಂಡ, ಬಾಸ್ ಯಾವಾಗ ಬಂದ, ಪಿಟೀಲು ಎಷ್ಟನೆಯದಾಗಿ ಸೇರಿತು ಎಂದು ಬೆರಳು ಮಡಚಿ ಎಣಿಸುತ್ತ ಕೇಳಿ. ಏಳೂ ಸಿಕ್ಕ ಮೇಲೆ ನಿಮಗಿಷ್ಟವಾದ ದೊಡ್ಡ ಕೋರಸ್ಸಿನ ಧ್ವನಿಮುದ್ರಿಕೆಯಲ್ಲಿ ಅದೇ ಎರಡು ನಿಮಿಷ ಕೇಳಿ, ಮತ್ತೆ ಎಣಿಸಿ.